ಮುದಿ ಎತ್ತಿನ ಹೊರೆ ಯಾರ ಹೆಗಲಿಗೆ?

ಎತ್ತಿಗೆ ವಯಸ್ಸಾಗಿ ನೊಗ ಎಳೆಯಲಾಗದೇ ಹೋದಾಗ ಅದನ್ನು ಏನು ಮಾಡಬೇಕು? ಹಳಿಯಾಳ, ಮುಂಡಗೋಡ ಕಡೆಯ ರೈತರ ಮನೆಗಳಲ್ಲಿ ಈ ಪ್ರಶ್ನೆ ಅಜ್ಜನ ಕಾಲದಿಂದಲೂ ಇದೆ. ಉತ್ತರ ಮಾತ್ರ ಮನೆಯಿಂದ ಮನೆಗೆ ಬೇರೆ. ಕೆಲವರು ಸಾಯುವ ತನಕ ಕೊಟ್ಟಿಗೆಯಲ್ಲೇ ಇಟ್ಟುಕೊಂಡು, ಸತ್ತ ಮೇಲೆ ಹೊಲದ ಬದುವಿನಲ್ಲಿ ಹೂಳುತ್ತಿದ್ದರು. ಕೆಲವರು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ, ಬಂದ ದುಡ್ಡಿಗೆ ಇನ್ನಷ್ಟು ಸೇರಿಸಿ ಎಳೆಯ ಜೋಡಿ ತರುತ್ತಿದ್ದರು. ಮಾರಿ ಬಂದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣುತ್ತಿರಲಿಲ್ಲ ಎಂಬುದೂ ನಿಜ. ಆದರೆ ತೀರ್ಮಾನ ಮನೆಯದೇ ಆಗಿತ್ತು.

2021ರಿಂದ ಅದು ಮನೆಯ ತೀರ್ಮಾನವಾಗಿ ಉಳಿದಿಲ್ಲ. ತೀರ್ಮಾನ ಸರ್ಕಾರದ್ದು, ಹುಲ್ಲು ಹಾಕುವ ಕೆಲಸ ಮಾತ್ರ ಇನ್ನೂ ನಮ್ಮದು. ಈ ಲೇಖನ ಆ ವಿಚಾರದ ಬಗ್ಗೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ನಾವು ಗೋವಿನ ವಿರುದ್ಧ ಬರೆಯುತ್ತಿಲ್ಲ. ನಮ್ಮಲ್ಲಿ ಹೆಚ್ಚಿನವರು ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಬಳಿದು, ದೀಪಾವಳಿ ಪಾಡ್ಯಕ್ಕೆ ಕೊಟ್ಟಿಗೆಯಲ್ಲಿ ಆರತಿ ಎತ್ತಿ ಬೆಳೆದವರು. ಹಿರಿಯರು ನಡೆಸಿಕೊಂಡು ಬಂದದ್ದನ್ನು ಸುಮ್ಮನೆ ಬಿಡಬಾರದು ಎಂದು ನಂಬುವವರು. ಹಾಗೆ ನಂಬುವುದರಿಂದಲೇ ಈ ಮಾತು ಹೇಳುತ್ತಿದ್ದೇವೆ: ದನ ಸಾಕುವ ಧರ್ಮ ಮನೆಯದು, ಊರಿನದು, ಮಠ-ದೇವಸ್ಥಾನದ್ದು. ಅದನ್ನು ಪೊಲೀಸ್ ಠಾಣೆಯ ಕೈಗೆ ಕೊಟ್ಟರೆ ಧರ್ಮವೂ ಉಳಿಯುವುದಿಲ್ಲ, ದನವೂ ಉಳಿಯುವುದಿಲ್ಲ.

ಕಾಯ್ದೆಯಲ್ಲಿ ಏನಿದೆ ಎಂಬುದನ್ನು ನೋಡೋಣ. ವಾಟ್ಸಾಪಿನಲ್ಲಿ ಬರುವುದಕ್ಕೂ ಕಾಯ್ದೆಯಲ್ಲಿ ಇರುವುದಕ್ಕೂ ಬಹಳ ಅಂತರವಿದೆ.

ಕರ್ನಾಟಕದಲ್ಲಿ ಗೋಹತ್ಯೆ ನಿಷೇಧ ಬಂದದ್ದು 2021ರಲ್ಲಿ ಅಲ್ಲ. 1964ರಲ್ಲೇ ಒಂದು ಕಾಯ್ದೆ ಇತ್ತು. ಅದರ ಪ್ರಕಾರ ಆಕಳನ್ನು ಕಡಿಯುವಂತಿರಲಿಲ್ಲ. ಎತ್ತು, ಹೋರಿ, ಎಮ್ಮೆ, ಕೋಣಗಳ ವಿಷಯದಲ್ಲಿ ಮಾತ್ರ ಒಂದು ದಾರಿ ಬಿಟ್ಟಿದ್ದರು. 12 ವರ್ಷ ದಾಟಿದ್ದರೆ, ಇಲ್ಲವೇ ಉಳುಮೆಗೂ ಹಾಲಿಗೂ ತಳಿಗೂ ಶಾಶ್ವತವಾಗಿ ಬಾರದಂತಾಗಿದ್ದರೆ, ಅಧಿಕಾರಿಯ ಪ್ರಮಾಣಪತ್ರ ಪಡೆದು ಕಡಿಯಬಹುದಿತ್ತು. ತಪ್ಪಿದರೆ 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ.

2010ರಲ್ಲಿ ಇದನ್ನು ಬಿಗಿ ಮಾಡುವ ಮಸೂದೆ ವಿಧಾನಮಂಡಲದಲ್ಲಿ ಪಾಸಾಯಿತು, ಒಪ್ಪಿಗೆ ಸಿಗದೆ ನಿಂತಿತು. 2013ರಲ್ಲಿ ಬಂದ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. 2020ರ ಡಿಸೆಂಬರ್‌ನಲ್ಲಿ ಮತ್ತೆ ವಿಧಾನಸಭೆಯಲ್ಲಿ ಮಸೂದೆ ಬಂತು, 2021ರ ಫೆಬ್ರವರಿಯಲ್ಲಿ ಪರಿಷತ್ತೂ ಒಪ್ಪಿತು. ಹೊಸ ಕಾಯ್ದೆಯ ಪ್ರಕಾರ ಆಕಳು, ಕರು, ಹೋರಿ, ಎತ್ತು ಯಾವ ವಯಸ್ಸಿನದಾದರೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ-ಕೋಣಕ್ಕೆ ಮಾತ್ರ ರಿಯಾಯಿತಿ. ಶಿಕ್ಷೆ 3ರಿಂದ 7 ವರ್ಷ ಜೈಲು, 50 ಸಾವಿರದಿಂದ 5 ಲಕ್ಷ ರೂಪಾಯಿ ದಂಡ. ಎರಡನೇ ಸಲವಾದರೆ ದಂಡ 10 ಲಕ್ಷದವರೆಗೆ.

“ಕಡಿಯುವವರಿಗೆ ತಾನೇ ಶಿಕ್ಷೆ, ರೈತನಿಗೇನು?” ಎಂದು ಕೇಳುವವರಿದ್ದಾರೆ. ಕಾಯ್ದೆ ದನ ಮಾರುವುದನ್ನೇ ನಿಷೇಧಿಸಿಲ್ಲ, ಸರಿ. ಆದರೆ ಕಡಿಯುತ್ತಾರೆ ಎಂದು ಗೊತ್ತಿದ್ದು ಮಾರಿದರೆ, ಅಥವಾ ಹಾಗೆ ನಂಬಲು ಕಾರಣವಿದ್ದೂ ಮಾರಿದರೆ, ಮಾರಿದವನೂ ಅಪರಾಧಿ. ಈಗ ನೀವೇ ಹೇಳಿ. ಮೊಣಕಾಲು ಊದಿದ, ನೊಗ ಹೊರಲಾರದ ಎತ್ತನ್ನು ಉಳುಮೆಗೆಂದು ಯಾರು ಕೊಳ್ಳುತ್ತಾರೆ? ಕೊಳ್ಳಲು ಬಂದವನು ಯಾಕೆ ಬಂದಿದ್ದಾನೆ ಎಂಬುದು ಸಂತೆಯಲ್ಲಿ ಚಹಾ ಮಾರುವ ಹುಡುಗನಿಗೂ ಗೊತ್ತಾಗುತ್ತದೆ. ಅಂದರೆ ‘ನಂಬಲು ಕಾರಣ’ ಯಾವಾಗಲೂ ಇದ್ದೇ ಇದೆ. ಹೀಗಾಗಿ ಮರ್ಯಾದಸ್ಥ ರೈತ ಮಾರುವುದಕ್ಕೇ ಹೆದರುತ್ತಾನೆ. ಮರ್ಯಾದಸ್ಥ ದಲ್ಲಾಳಿ ವ್ಯಾಪಾರ ಬಿಡುತ್ತಾನೆ. ರಾತ್ರಿ ಹೊತ್ತು ಬಂದು, ಮಾತಿಲ್ಲದೆ ಹಗ್ಗ ಬಿಚ್ಚಿಕೊಂಡು ಹೋಗುವವನು ಮಾತ್ರ ಉಳಿಯುತ್ತಾನೆ, ಅವನು ಹೇಳಿದ್ದೇ ರೇಟು.

ಇನ್ನು ಎಮ್ಮೆಗೆ 13 ವರ್ಷದ ಲೆಕ್ಕ. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ಎಳೆಯ ದನದ ವಯಸ್ಸನ್ನು ನಮ್ಮ ಹಿರಿಯರು ಬಾಯಿ ಅಗಲಿಸಿ ಹೇಳಿಬಿಡುತ್ತಾರೆ. ಬಾಯಿಗೂಡಿದ ಮೇಲೆ, ಅಂದರೆ ಎಂಟೂ ಹಲ್ಲು ಬಂದ ಮೇಲೆ, ಹಲ್ಲು ಸವೆದದ್ದನ್ನು ನೋಡಿ ಅಂದಾಜು ಮಾಡಬೇಕು ಅಷ್ಟೇ. ಡಾಕ್ಟರಿಗೂ ಅದೇ ಗತಿ. ಹನ್ನೊಂದೋ ಹದಿನಾಲ್ಕೋ ಎಂಬ ಅಂದಾಜಿನ ಮೇಲೆ ಒಬ್ಬ ಗೌಳಿಯ ಏಳು ವರ್ಷ ನಿಂತಿದೆ.

ಗೌಳಿಗಳ ವಿಷಯ ಬಂದದ್ದರಿಂದ ಅದನ್ನೇ ಸ್ವಲ್ಪ ಹೇಳುತ್ತೇವೆ. ಹಳಿಯಾಳ, ಜೊಯಿಡಾ, ಮುಂಡಗೋಡ, ಪಕ್ಕದ ಯಲ್ಲಾಪುರದ ಕಾಡಂಚಿನಲ್ಲಿ ಗೌಳಿವಾಡಗಳಿವೆ. ಧನಗರ ಗೌಳಿಗಳ ಬದುಕು ಎಮ್ಮೆಯ ಮೇಲೆ ನಿಂತದ್ದು: ಹಾಲು, ತುಪ್ಪ, ಗೊಬ್ಬರ. ಎಮ್ಮೆಯನ್ನು ಹೇಗೆ ನೋಡಿಕೊಳ್ಳಬೇಕು ಎಂದು ಅವರಿಗೆ ಬೆಂಗಳೂರಿನಿಂದ ಯಾರೂ ಬಂದು ಕಲಿಸಬೇಕಾಗಿಲ್ಲ. ಆದರೆ ಅವರ ಎಮ್ಮೆಗಳ ಮೇಲೆ ಈಗ ಎರಡು ಇಲಾಖೆಗಳ ಕಣ್ಣಿದೆ. ಒಂದು ಕಡೆ, ಮುದಿ ಎಮ್ಮೆಯನ್ನು ಮಾರುವಾಗ ವಯಸ್ಸಿನ ದಾಖಲೆ ತೋರಿಸು ಎನ್ನುವ ಕಾಯ್ದೆ. ಇನ್ನೊಂದು ಕಡೆ, ಎಮ್ಮೆಯನ್ನು ಕಾಡಿಗೆ ಬಿಡಬೇಡ ಎನ್ನುವ ಅರಣ್ಯ ಇಲಾಖೆ.

2025ರ ಜೂನ್ ಕೊನೆಯಲ್ಲಿ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ಒಂದು ಹುಲಿ, ಅದರ ನಾಲ್ಕು ಮರಿಗಳು ಸತ್ತವು. ಹುಲಿ ಕೊಂದ ಆಕಳಿನ ಶವಕ್ಕೆ ವಿಷ ಹಾಕಲಾಗಿತ್ತು. ಘೋರ ಕೃತ್ಯ, ಅದರಲ್ಲಿ ಎರಡು ಮಾತಿಲ್ಲ. ತಪ್ಪು ಮಾಡಿದವರನ್ನು ಹಿಡಿದು ಶಿಕ್ಷೆ ಕೊಡುವುದು ಸರ್ಕಾರದ ಕೆಲಸ. ಆದರೆ ಮುಂದಿನ ತಿಂಗಳು ಅರಣ್ಯ ಸಚಿವರಿಂದ ಬಂದದ್ದು ರಾಜ್ಯದ ಕಾಡುಗಳಲ್ಲಿ ಸಾಕುಪ್ರಾಣಿ ಮೇಯಿಸುವುದನ್ನೇ ತಡೆಯಬೇಕೆಂಬ ಸೂಚನೆ. ಎಲ್ಲೋ ಒಬ್ಬರು ಮಾಡಿದ ಅಪರಾಧಕ್ಕೆ ಕಾಳಿ ಕಣಿವೆಯ ಎಮ್ಮೆ ಯಾಕೆ ಉಪವಾಸ ಬೀಳಬೇಕು?

2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮೇವಿನ ಹಕ್ಕು ಸ್ಪಷ್ಟವಾಗಿ ಬರೆದಿದೆ. ಆದರೆ ಕರ್ನಾಟಕದ ಗೌಳಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಅವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವು ಎಂದು ಸಾಬೀತು ಮಾಡಬೇಕು. ಕಾಡಿನಲ್ಲಿ ಎಮ್ಮೆ ಮೇಯಿಸುತ್ತ ಊರಿಂದೂರಿಗೆ ತಿರುಗಿದ ಅಜ್ಜನ ಕಾಗದಪತ್ರ ಎಲ್ಲಿಂದ ತರುವುದು? ಕಾಗದ ಕೇಳುವುದರಲ್ಲಿ ನಮ್ಮ ಸರ್ಕಾರಗಳಿಗೆ ಇರುವ ಆಸಕ್ತಿ ಬೇರೆ ಯಾವುದರಲ್ಲೂ ಕಾಣುವುದಿಲ್ಲ.

ಜೊಯಿಡಾದ ಒಳಹಳ್ಳಿಗಳ ಕತೆ ಇದಕ್ಕಿಂತ ಬೇರೆಯಲ್ಲ. 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರ ಕೊನೆಯಲ್ಲಿ ಅದಕ್ಕೆ ಕಾಳಿ ಎಂದು ಹೆಸರಿಟ್ಟರು. ಅಲ್ಲಿಯ ಕುಣಬಿಗಳ ಮನೆಯಲ್ಲಿ ದನ ಎಂದರೆ ಹೆಚ್ಚಾಗಿ ನಮ್ಮ ಮಲೆನಾಡು ಗಿಡ್ಡದಂಥ ಸಣ್ಣ ದನ. ದಿನಕ್ಕೆ ಒಂದೆರಡು ಲೀಟರ್ ಹಾಲು ಕೊಟ್ಟರೆ ದೊಡ್ಡದು. ಆದರೆ ಹಿಂಡಿ ಕೇಳುವುದಿಲ್ಲ, ಡಾಕ್ಟರ್ ಕೇಳುವುದಿಲ್ಲ, ಬೆಳಿಗ್ಗೆ ಬಿಟ್ಟರೆ ಮೇಯ್ದುಕೊಂಡು ಸಂಜೆ ತಾನೇ ಬರುತ್ತದೆ. ಅದರ ಲಾಭ ಹಾಲಿನಲ್ಲಿಲ್ಲ, ಗೊಬ್ಬರದಲ್ಲಿದೆ. ಅದನ್ನು ಕಟ್ಟಿಹಾಕಿ ಸಾಕು ಎಂದರೆ ಯಾರೂ ಸಾಕುವುದಿಲ್ಲ. ತಳಿ ಉಳಿಸಬೇಕು ಎಂದು ಒಂದು ಇಲಾಖೆ ಮೇಳ ಮಾಡುತ್ತದೆ, ಆ ತಳಿ ಮೇಯುವ ಜಾಗಕ್ಕೆ ಇನ್ನೊಂದು ಇಲಾಖೆ ಬೇಲಿ ಹಾಕುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಮುದಿ ದನ ಸಾಕಲು ಎಷ್ಟು ಬೇಕು? ನಾವು ಹೇಳಿದರೆ ಉತ್ಪ್ರೇಕ್ಷೆ ಎನ್ನಬಹುದು, ಸರ್ಕಾರದ್ದೇ ಲೆಕ್ಕ ತೆಗೆದುಕೊಳ್ಳಿ. 2022ರಲ್ಲಿ ಆಗಿನ ಸರ್ಕಾರ ‘ಪುಣ್ಯಕೋಟಿ ದತ್ತು ಯೋಜನೆ’ ತಂದಿತು. ಗೋಶಾಲೆಯ ಒಂದು ದನವನ್ನು ಒಂದು ವರ್ಷಕ್ಕೆ ದತ್ತು ಪಡೆಯಲು 11,000 ರೂಪಾಯಿ. ಅಂದರೆ ದಿನಕ್ಕೆ 30 ರೂಪಾಯಿ. ನೊಗ ಬಿಟ್ಟ ಎತ್ತು ಇನ್ನೂ ಐದು ವರ್ಷ ಬದುಕಿತು ಎಂದರೆ 55,000. ಜೋಡಿಗೆ 1 ಲಕ್ಷ 10 ಸಾವಿರ. ಇದು ಎರಡು ಎಕರೆ ಮಳೆಯಾಶ್ರಿತ ಭತ್ತ, ಗೋವಿನಜೋಳದ ರೈತನ ತಲೆ ಮೇಲೆ ಸರ್ಕಾರ ಹೊರಿಸಿದ ತೆರಿಗೆ. ಬಜೆಟ್ ಪುಸ್ತಕದಲ್ಲಿ ಇದು ಎಲ್ಲೂ ಕಾಣುವುದಿಲ್ಲ, ಯಾಕೆಂದರೆ ವಸೂಲಿ ಮಾಡುವುದು ಕೊಟ್ಟಿಗೆಯಲ್ಲಿ.

ಇದರ ಜೊತೆಗೆ ಹೋದದ್ದು ಇನ್ನೊಂದಿದೆ. ಮೊದಲು ಹಳೇ ಜೋಡಿ ಮಾರಿದ ದುಡ್ಡು ಹೊಸ ಜೋಡಿಗೆ ಮುಂಗಡವಾಗುತ್ತಿತ್ತು. ಆ ದುಡ್ಡು ಇಲ್ಲವಾದರೆ ರೈತ ಏನು ಮಾಡುತ್ತಾನೆ? ಎತ್ತು ಕಟ್ಟುವುದನ್ನೇ ಬಿಡುತ್ತಾನೆ, ಬಾಡಿಗೆ ಟ್ರಾಕ್ಟರ್ ಕರೆಯುತ್ತಾನೆ. ರಾಜ್ಯದಲ್ಲಿ 2012ರ ಜಾನುವಾರು ಗಣತಿಯಲ್ಲಿ ದನಗಳು 95 ಲಕ್ಷದಷ್ಟಿದ್ದವು, 2019ರಲ್ಲಿ ಸುಮಾರು 85 ಲಕ್ಷಕ್ಕೆ ಇಳಿದಿದ್ದವು. ಇದು ಹೊಸ ಕಾಯ್ದೆಗಿಂತ ಮೊದಲಿನ ಮಾತು, ಹಾಗಾಗಿ ಕಾಯ್ದೆಯ ಮೇಲೆ ಹಾಕುವುದು ನ್ಯಾಯವಲ್ಲ. ಟ್ರಾಕ್ಟರ್, ಆಳಿನ ಅಭಾವ, ಮೇವಿನ ಜಾಗ ಹೋದದ್ದು, ಎಲ್ಲವೂ ಸೇರಿದೆ. ಆದರೆ ಮೊದಲೇ ಇಳಿಯುತ್ತಿದ್ದ ಲೆಕ್ಕಕ್ಕೆ ‘ಕಟ್ಟಿದರೆ ಬಿಡಿಸಿಕೊಳ್ಳಲಾಗದು’ ಎಂಬ ಹೆದರಿಕೆ ಸೇರಿಸುವುದು ಗೋರಕ್ಷಣೆ ಹೇಗಾಗುತ್ತದೆ?

ಪುಣ್ಯಕೋಟಿಯ ಕತೆಯನ್ನೂ ಪೂರ್ತಿ ಹೇಳಬೇಕು. ದತ್ತು ಎಂದರೆ ಮನಸ್ಸಿನಿಂದ ಕೊಡುವುದು ತಾನೇ? 2022ರ ನವೆಂಬರ್‌ನಲ್ಲಿ ಸರ್ಕಾರಿ ನೌಕರರ ಸಂಬಳದಿಂದಲೇ ಈ ಯೋಜನೆಗೆ ಹಣ ಹಿಡಿಯಲು ಆದೇಶವಾಯಿತು. ಎ ದರ್ಜೆಗೆ 11,000, ಬಿ ದರ್ಜೆಗೆ 4,000, ಸಿ ದರ್ಜೆಗೆ 400. ಕೊಡಲು ಮನಸ್ಸಿಲ್ಲದವರು ಬರೆದು ಕೊಡಬೇಕು. ದಾನ ಕೊಡುವವನು ಅರ್ಜಿ ಹಾಕುವುದಲ್ಲ, ಕೊಡದವನು ಅರ್ಜಿ ಹಾಕುವುದು! ನಮ್ಮ ಊರಿನ ದೇವಸ್ಥಾನದ ಜಾತ್ರೆಗೂ ಯಾರೂ ಹೀಗೆ ಪಟ್ಟಿ ಎತ್ತುವುದಿಲ್ಲ.

ಅದೇ ವರ್ಷದ ಬಜೆಟ್‌ನಲ್ಲಿ ಸರ್ಕಾರಿ ಗೋಶಾಲೆಗಳನ್ನು 31ರಿಂದ 100ಕ್ಕೆ ಏರಿಸುತ್ತೇವೆ ಎಂದಿದ್ದರು. ನೂರೇ ಆಗಲಿ ಎಂದಿಟ್ಟುಕೊಳ್ಳಿ. ರಾಜ್ಯದಲ್ಲಿ ತಾಲೂಕುಗಳೇ ಇನ್ನೂರಕ್ಕೂ ಹೆಚ್ಚಿವೆ. ಜೊಯಿಡಾದ ಒಳಹಳ್ಳಿಯಿಂದ ಒಂದು ಮುದಿ ಎತ್ತನ್ನು ಗೋಶಾಲೆಗೆ ಸಾಗಿಸುವ ಗಾಡಿ ಬಾಡಿಗೆಯನ್ನು ಯಾರು ಕೊಡುತ್ತಾರೆ? ಸಾಗಿಸುವಾಗ ದಾರಿಯಲ್ಲಿ ನಾಲ್ಕು ಜನ ಗಾಡಿ ಅಡ್ಡಗಟ್ಟಿದರೆ ಯಾರು ಉತ್ತರ ಹೇಳುತ್ತಾರೆ?

2023ರ ಮಾರ್ಚ್ 31ರ ರಾತ್ರಿ ಸಾತನೂರಿನ ಬಳಿ ದನ ಸಾಗಿಸುತ್ತಿದ್ದ ವಾಹನವನ್ನು ತಡೆದ ಮೇಲೆ, ಅದರಲ್ಲಿದ್ದ ಒಬ್ಬರು ಶವವಾಗಿ ಸಿಕ್ಕರು. ಸದುದ್ದೇಶದಿಂದ ಮಾಡಿದ ಕೆಲಸಕ್ಕೆ ರಕ್ಷಣೆ ಎಂಬ ಸಾಲು ಹೊಸ ಕಾಯ್ದೆಯಲ್ಲಿದೆ. ಆ ಸಾಲನ್ನು ಕೆಲವರು ತಮಗೇ ಕೊಟ್ಟ ಲೈಸೆನ್ಸ್ ಎಂದುಕೊಂಡಿದ್ದಾರೆ. ಕಾನೂನು ಕಾಪಾಡುವುದು ಪೊಲೀಸರ ಕೆಲಸ. ಅದನ್ನು ರಸ್ತೆಯಲ್ಲಿ ನಿಂತವರಿಗೆ ಬಿಡುವ ಸರ್ಕಾರವನ್ನು ಬಲವಾದ ಸರ್ಕಾರ ಎನ್ನಲಾಗದು.

ನಮ್ಮದೇ ಜಿಲ್ಲೆಗೆ ಬರೋಣ. 2025ರ ಜನವರಿಯಲ್ಲಿ ಹೊನ್ನಾವರ ತಾಲೂಕಿನ ಸಾಲ್ಕೋಡಿನಲ್ಲಿ ಮೇಯಲು ಬಿಟ್ಟಿದ್ದ ಗಬ್ಬದ ಆಕಳನ್ನು ಕಡಿದು, ತಲೆ-ಕಾಲು ಬಿಸಾಡಿ ಹೋಗಿದ್ದರು. ಓದಿದವರ ಕರುಳು ಚುರುಕ್ ಎಂದಿತು. ಜಿಲ್ಲೆಯಲ್ಲಿ ಆಕ್ರೋಶ ಎದ್ದಿತು. ಮುಂದಿನ ತಿಂಗಳು ಜಿಲ್ಲಾ ಉಸ್ತುವಾರಿ ಸಚಿವ ಮಂಕಾಳ ವೈದ್ಯರು ದನಗಳ್ಳರಿಗೆ ಗುಂಡಿಕ್ಕಿಸುವ ಮಾತನ್ನೇ ಆಡಿದರು.

ಇದನ್ನು ಗಮನವಿಟ್ಟು ನೋಡಿ. ಆ ಹೊತ್ತಿಗೆ ಕಠಿಣ ಕಾಯ್ದೆ ಬಂದು ನಾಲ್ಕು ವರ್ಷವಾಗಿತ್ತು. ಏಳು ವರ್ಷದ ಜೈಲು, ಐದು ಲಕ್ಷದ ದಂಡ ಆ ಆಕಳನ್ನು ಕಾಯಲಿಲ್ಲ. ಅಲ್ಲಿ ನಡೆದದ್ದು ಮೊದಲು ಕಳ್ಳತನ, ಆಮೇಲೆ ಕ್ರೌರ್ಯ. ಒಬ್ಬ ರೈತನ ಆಸ್ತಿಯನ್ನು, ಅವನು ಮಗುವಿನಂತೆ ನೋಡಿಕೊಂಡ ಜೀವವನ್ನು ಕದ್ದು ಕೊಂದದ್ದು. ಕಳ್ಳತನಕ್ಕೆ ಬ್ರಿಟಿಷರ ಕಾಲದಿಂದಲೂ ಕಾನೂನಿದೆ. ಬೇಕಾಗಿದ್ದದ್ದು ರಾತ್ರಿ ಗಸ್ತು, ದೂರು ಕೊಟ್ಟ ದಿನವೇ ಎಫ್‌ಐಆರ್. ಅದು ಆಗದಿದ್ದಾಗ ಗುಂಡಿನ ಮಾತು ಬರುತ್ತದೆ. ಮಾಡಬೇಕಾದ ಸಣ್ಣ ಕೆಲಸ ಮಾಡದ ಸರ್ಕಾರಕ್ಕೆ ದೊಡ್ಡ ಮಾತು ಸುಲಭ. ಇದರಲ್ಲಿ ಪಕ್ಷಭೇದ ಇಲ್ಲ. ಕಾಯ್ದೆ ತಂದದ್ದು ಒಂದು ಪಕ್ಷ, ಗುಂಡಿನ ಮಾತಾಡಿದ್ದು ಇನ್ನೊಂದು ಪಕ್ಷ.

ಹಾಗೆ ನೋಡಿದರೆ 2023ರಲ್ಲಿ ಸರ್ಕಾರ ಬದಲಾದಾಗ ಪಶುಸಂಗೋಪನೆ ಸಚಿವ ಕೆ. ವೆಂಕಟೇಶ್ ಅವರು ಈ ಕಾಯ್ದೆಯನ್ನು ಮತ್ತೊಮ್ಮೆ ನೋಡಬೇಕು ಎಂಬರ್ಥದ ಮಾತಾಡಿದ್ದರು. ತಮ್ಮ ತೋಟದ ಆಕಳು ಸತ್ತಾಗ ಹೂಳಲು ಜೆಸಿಬಿ ತರಿಸಬೇಕಾಯಿತು ಎಂದೂ ಹೇಳಿಕೊಂಡರು. ಮಂತ್ರಿಗೆ ಜೆಸಿಬಿ ಸಿಕ್ಕಿತು. ಮುಂಡಗೋಡದ ಹಳ್ಳಿಯ ವಿಧವೆಯೊಬ್ಬಳ ಕೊಟ್ಟಿಗೆಯಲ್ಲಿ ಮಳೆಗಾಲದಲ್ಲಿ ಆಕಳು ಸತ್ತರೆ ಯಾರು ಗುಂಡಿ ತೋಡುತ್ತಾರೆ? ಆ ಮಾತಿಗೆ ಗದ್ದಲವಾಯಿತು, ಮಾತು ಅಲ್ಲಿಗೇ ನಿಂತಿತು. ಸರ್ಕಾರ ಬದಲಾಯಿತು, ಕಾಯ್ದೆ ರದ್ದಾಗಲಿಲ್ಲ.

ಒಂದು ವಿಚಿತ್ರ ನೋಡಿ. ದನವನ್ನು ಹಿಂಸಿಸುವುದಕ್ಕೆ ಈ ದೇಶದಲ್ಲಿ ದಂಡ ಎಷ್ಟು ಗೊತ್ತೇ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಹೌದು, ಐವತ್ತು ರೂಪಾಯಿ. ಬಾರಿನಿಂದ ರಕ್ತ ಬರುವಂತೆ ಹೊಡೆದವನಿಗೂ, ಹುಲ್ಲು-ನೀರಿಲ್ಲದೆ ಕಟ್ಟಿಹಾಕಿದವನಿಗೂ ಈ ಕಾಯ್ದೆಯಲ್ಲಿ ಅಷ್ಟೇ. ಅರವತ್ತಕ್ಕೂ ಹೆಚ್ಚು ವರ್ಷದಿಂದ ಅದು ಹಾಗೇ ಇದೆ. ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ತುಂಬಬಾರದು ಎಂದು 1978ರ ಸಾಗಾಟ ನಿಯಮ ಹೇಳುತ್ತದೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಸಿಲು 37 ಡಿಗ್ರಿ ದಾಟಿದಾಗ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಗಾಡಿ ಹೂಡಬಾರದು ಎಂದು 1965ರ ನಿಯಮವಿದೆ. ಕಬ್ಬಿನ ಹಂಗಾಮಿನಲ್ಲಿ ಹಳಿಯಾಳದ ರಸ್ತೆಯಲ್ಲಿ ನಿಂತು ಎತ್ತಿನ ಗಾಡಿಯವರನ್ನು ಕೇಳಿ, ಇಂಥದ್ದೊಂದು ನಿಯಮ ಇದೆಯೆಂದು ಎಷ್ಟು ಜನರಿಗೆ ಗೊತ್ತಿದೆ ಎಂದು.

ಪ್ರಾಣಿಯ ನೋವನ್ನು ತಡೆಯುವ ಕಾನೂನಿಗೆ ಹಲ್ಲಿಲ್ಲ. ಪ್ರಾಣಿಯ ಒಡೆಯನನ್ನು ಹೆದರಿಸುವ ಕಾನೂನಿಗೆ ಕೋರೆಹಲ್ಲು. ಸಣ್ಣ ಸರ್ಕಾರ ಬೇಕು ಎಂದರೆ ಕಾನೂನೇ ಬೇಡ ಎಂದಲ್ಲ. ಕಾನೂನು ಕಡಿಮೆ ಇರಲಿ, ಇರುವುದು ನಡೆಯಲಿ. ಐವತ್ತು ರೂಪಾಯಿಯನ್ನು ಇಪ್ಪತ್ತು ಸಾವಿರ ಮಾಡಿ, ನಾವು ಚಪ್ಪಾಳೆ ಹೊಡೆಯುತ್ತೇವೆ.

“ಮುದಿಯಾದ ಅಪ್ಪ-ಅಮ್ಮನನ್ನು ಮಾರುತ್ತೀರಾ?” ಈ ಪ್ರಶ್ನೆ ಬರುತ್ತದೆ. ನಮ್ಮ ಗುಂಪಿನಲ್ಲೇ ಇಬ್ಬರು ಇದನ್ನು ಕೇಳಿದರು, ಅವರು ಈಗಲೂ ಈ ಲೇಖನವನ್ನು ಪೂರ್ತಿ ಒಪ್ಪಿಲ್ಲ. ಪ್ರಶ್ನೆ ಹಗುರದ್ದಲ್ಲ. ಹತ್ತು ವರ್ಷ ನಮ್ಮ ಹೊಲ ಉತ್ತ ಜೀವ ಅದು. ಕೊನೆಯವರೆಗೂ ಸಾಕುವ ಮನೆಗಳು ಇಂದಿಗೂ ನಮ್ಮ ನಾಲ್ಕೂ ತಾಲೂಕಿನಲ್ಲಿವೆ, ಅವರ ಮುಂದೆ ನಾವು ಕೈಮುಗಿಯುತ್ತೇವೆ. ಆದರೆ ಅವರು ಸಾಕುತ್ತಿರುವುದು ಏಳು ವರ್ಷದ ಜೈಲಿಗೆ ಹೆದರಿ ಅಲ್ಲ. ಕಾಯ್ದೆ ಬರುವ ಮೊದಲೂ ಸಾಕುತ್ತಿದ್ದರು. ಸಾಕಲಾಗದ ಮನೆಗಳೂ ಇವೆ. ಮಗಳ ಮದುವೆಗೆ ಸಾಲ ಮಾಡಿದವರು, ಬರಗಾಲದಲ್ಲಿ ಹುಲ್ಲಿನ ಬಣವೆಯನ್ನೇ ಮಾರಿದವರು. ಅವರಿಗೆ ಕಾಯ್ದೆ ತೋರಿಸಿದ ದಾರಿ ಯಾವುದು? ರಾತ್ರಿ ಹಗ್ಗ ಬಿಚ್ಚಿ ಊರಾಚೆ ಅಟ್ಟಿ ಬರುವುದು. ಅಟ್ಟಿದ ಎತ್ತು ಪಕ್ಕದವನ ಗದ್ದೆಗೆ ನುಗ್ಗುತ್ತದೆ, ಅಲ್ಲಿ ಪೆಟ್ಟು ತಿನ್ನುತ್ತದೆ, ದಾಂಡೇಲಿ ಪೇಟೆಯ ಕಸದ ತೊಟ್ಟಿಯಲ್ಲಿ ಪ್ಲಾಸ್ಟಿಕ್ ತಿನ್ನುತ್ತದೆ, ಕತ್ತಲಲ್ಲಿ ಬೈಕಿನವನಿಗೆ ಅಡ್ಡ ಬರುತ್ತದೆ. ಇದು ಕಡಿಯುವುದಕ್ಕಿಂತ ದಯೆಯ ಸಾವು ಎಂದು ಯಾರಾದರೂ ಎದೆ ಮುಟ್ಟಿ ಹೇಳಲಿ.

ಸಂವಿಧಾನದ 48ನೇ ವಿಧಿಯನ್ನು ತೋರಿಸುವವರಿದ್ದಾರೆ. ಅದರಲ್ಲಿ ಆಕಳು, ಕರು, ಹಾಲು ಕೊಡುವ ಮತ್ತು ಉಳುವ ದನಗಳ ಹತ್ಯೆ ತಡೆಯುವ ಮಾತಿದೆ, ನಿಜ. ಆದರೆ 1958ರಲ್ಲಿ ಸುಪ್ರೀಂ ಕೋರ್ಟ್ ಆಕಳು-ಕರುವಿಗೆ ಸಂಪೂರ್ಣ ನಿಷೇಧ ಸರಿ, ಕೆಲಸಕ್ಕೆ ಬಾರದ ಎತ್ತು-ಎಮ್ಮೆಗೂ ಸಂಪೂರ್ಣ ನಿಷೇಧ ಹೇರುವುದು ಅತಿಯಾಯಿತು ಎಂದಿತ್ತು. 1964ರ ನಮ್ಮ ಕಾಯ್ದೆ ಇದ್ದದ್ದು ಅದೇ ದಾರಿಯಲ್ಲಿ. 2005ರಲ್ಲಿ ಗುಜರಾತಿನ ಪ್ರಕರಣದಲ್ಲಿ ಕೋರ್ಟ್ ಎತ್ತಿನ ಸಂಪೂರ್ಣ ನಿಷೇಧವನ್ನೂ ಎತ್ತಿಹಿಡಿಯಿತು. ಅಂದರೆ ಸರ್ಕಾರ ಹೀಗೆ ಮಾಡಬಹುದು ಎಂದು ಕೋರ್ಟ್ ಹೇಳಿದೆ. ಮಾಡಬಹುದಾದದ್ದನ್ನೆಲ್ಲ ಮಾಡಲೇಬೇಕೇ?

ನಾವು ಕೇಳುವುದು ಹೊಸದೇನಲ್ಲ. 1964ರ ವ್ಯವಸ್ಥೆಗೆ ಮರಳಿ. ಆಕಳಿಗೆ ರಕ್ಷಣೆ ಇರಲಿ, ಜನರ ಭಾವನೆಯೂ ಅದೇ. ಎತ್ತು, ಕೋಣ, ಎಮ್ಮೆಯ ವಿಷಯದಲ್ಲಿ ಡಾಕ್ಟರ್ ನೋಡಿ ಬರೆದುಕೊಡಲಿ, ಉಳಿದದ್ದು ಒಡೆಯನಿಗೆ ಬಿಡಿ. ಐವತ್ತಾರು ವರ್ಷ ಎಲ್ಲ ಪಕ್ಷದ ಸರ್ಕಾರಗಳ ಕೆಳಗೂ ಅದು ನಡೆಯಿತು. ನಡೆಯುತ್ತಿದ್ದುದನ್ನು ಕಿತ್ತು ಹೊಸದು ನೆಡುವಾಗ, ಹೊಸದರಿಂದ ಏನಾಯಿತು ಎಂದು ಕೇಳುವುದು ಸಂಪ್ರದಾಯಸ್ಥರ ಕೆಲಸವೇ.

ಊರಿಗೆ ಬಿಟ್ಟರೆ ಊರು ಮಾಡುತ್ತದೆ ಎಂಬುದಕ್ಕೆ ನಮ್ಮಲ್ಲಿ ಸಾಕ್ಷಿಗಳಿವೆ. ದೇವರಿಗೆ ಬಿಟ್ಟ ಗೂಳಿಯನ್ನು ಊರೇ ಮೇಯಿಸುತ್ತದೆ, ಅದಕ್ಕೆ ಯಾವ ಯೋಜನೆಯೂ ಇಲ್ಲ. ಸಿದ್ದಾಪುರ ತಾಲೂಕಿನ ಭಾನ್ಕುಳಿಯಲ್ಲಿ ರಾಮಚಂದ್ರಾಪುರ ಮಠದವರು ಭಕ್ತರ ಕಾಣಿಕೆಯಿಂದ ಗೋಸ್ವರ್ಗ ಕಟ್ಟಿದ್ದಾರೆ. ಕೊಡುವವರು ಮನಸ್ಸಿನಿಂದ ಕೊಡುತ್ತಾರೆ, ಸಂಬಳದಿಂದ ಹಿಡಿದದ್ದಲ್ಲ. ಮುಂಡಗೋಡ ಕಡೆ ದೀಪಾವಳಿ ಮುಗಿದ ಮೇಲೆ ಹೋರಿ ಬೆದರಿಸುವ ಹಬ್ಬ ನೋಡಿದವರಿಗೆ ಗೊತ್ತು, ಆ ಹೋರಿಗಳನ್ನು ಹೇಗೆ ಸಾಕುತ್ತಾರೆ ಎಂದು. ಮನೆಯವರು ಗಂಜಿ ಕುಡಿದರೂ ಹೋರಿಗೆ ಹಿಂಡಿ ತಪ್ಪುವುದಿಲ್ಲ. (ಅಲ್ಲಿ ಜನ ಗಾಯಗೊಳ್ಳುವುದು, ಕೆಲವೊಮ್ಮೆ ಸಾಯುವುದು ಬೇರೆ ಸಮಸ್ಯೆ. ಅದಕ್ಕೊಂದು ಲೇಖನವೇ ಬೇಕು.)

ಇನ್ನೊಂದು ನಾವು ಮರೆತೇಬಿಟ್ಟದ್ದು: ಕೊಂಡವಾಡ. ಬೀಡಾಡಿ ದನವನ್ನು ಹಿಡಿದು ಕೂಡಿಹಾಕಿ, ಒಡೆಯ ದಂಡ ಕಟ್ಟಿ ಬಿಡಿಸಿಕೊಂಡು ಹೋಗುವ ಜಾಗ. 1871ರ ಕಾಯ್ದೆಯಿಂದ ಬಂದದ್ದು, ಆಮೇಲೆ ಪಂಚಾಯಿತಿಯ ಕೈಗೆ ಬಂತು. ಈಗ ಎಷ್ಟೋ ಊರುಗಳಲ್ಲಿ ಅದರ ಗೋಡೆ ಮಾತ್ರ ಉಳಿದಿದೆ. ದನ ಬೀದಿಗೆ ಬಿಟ್ಟವನ ಮೇಲೆ ಹೊಣೆ ಹೊರಿಸುವ ಇಷ್ಟು ಸರಳ ವ್ಯವಸ್ಥೆ ಬೆಂಗಳೂರಿನಿಂದ ಬರುವ ಯಾವ ಯೋಜನೆಯಲ್ಲಿದೆ?

ಗೋಮಾಳವೂ ಹಾಗೆಯೇ. ನೂರು ದನಕ್ಕೆ 12 ಹೆಕ್ಟೇರ್, ಅಂದರೆ 30 ಎಕರೆಯಷ್ಟು, ಮೇವಿನ ಜಾಗ ಇರಬೇಕು ಎಂದು 1966ರ ಭೂಕಂದಾಯ ನಿಯಮ ಹೇಳುತ್ತದೆ. ಗೋಮಾಳವನ್ನು ಒತ್ತುವರಿ ಸಕ್ರಮದಲ್ಲಿ, ಸೈಟಿನಲ್ಲಿ, ಸರ್ಕಾರಿ ಕಟ್ಟಡದಲ್ಲಿ ಕರಗಿಸಿದವರೇ ಈಗ ಗೋಶಾಲೆಗೆ ಕೋಟಿ ಇಡುತ್ತಾರೆ. ಊರಿನ ಹುಲ್ಲನ್ನು ಊರಿಗೆ ಬಿಟ್ಟಿದ್ದರೆ ಆ ಕೋಟಿಯೇ ಬೇಕಿರಲಿಲ್ಲ.

ಹಾಗಾದರೆ ಸರ್ಕಾರಕ್ಕೆ ಕೆಲಸವೇ ಇಲ್ಲವೇ? ಇದೆ, ಬೇಕಾದಷ್ಟಿದೆ. ಒಬ್ಬ ರೈತ, ಒಂದು ಊರು ಮಾಡಲಾಗದ ಕೆಲಸ. ನಮ್ಮ ಅಜ್ಜಂದಿರು ‘ದೊಡ್ಡರೋಗ’ ಎಂದು ಹೆದರುತ್ತಿದ್ದ ರಿಂಡರ್‌ಪೆಸ್ಟ್ ಊರಿಗೂರೇ ಕೊಟ್ಟಿಗೆ ಖಾಲಿ ಮಾಡುತ್ತಿತ್ತು. ಲಸಿಕೆ ಹಾಕಿ ಹಾಕಿ ಅದನ್ನು ಓಡಿಸಿದ್ದು ಸರ್ಕಾರಿ ಪಶುವೈದ್ಯರೇ. 2006ರಲ್ಲಿ ಭಾರತ, 2011ರಲ್ಲಿ ಜಗತ್ತೇ ಆ ರೋಗದಿಂದ ಮುಕ್ತವಾಯಿತು. ಯಾವ ಗೋರಕ್ಷಣೆಯ ಕಾಯ್ದೆಯೂ ಅಷ್ಟು ದನ ಉಳಿಸಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ಸತ್ತ ಎತ್ತಿಗೆ 30,000, ಆಕಳಿಗೆ 20,000, ಕರುವಿಗೆ 5,000 ಪರಿಹಾರ ಘೋಷಿಸಿದ್ದೂ ಸರಿಯಾದ ಕೆಲಸ. ಪರಿಹಾರಕ್ಕಿಂತ ಮೊದಲು ಲಸಿಕೆ ಬಂದಿದ್ದರೆ ಇನ್ನೂ ಸರಿ. ಕಾಲುಬಾಯಿ ರೋಗಕ್ಕೆ ವರ್ಷಕ್ಕೆರಡು ಸಲ ಲಸಿಕೆ, ಕರೆ ಮಾಡಿದರೆ ಬರುವ 1962ರ ಪಶು ಆಂಬುಲೆನ್ಸ್, ತಾಲೂಕಿನಲ್ಲಿ ಖಾಲಿ ಬೀಳದ ಡಾಕ್ಟರ್ ಹುದ್ದೆ. ಹುಲಿ, ಚಿರತೆ ದನ ಹಿಡಿದರೆ ಓಡಾಡಿಸದೆ ಪರಿಹಾರ. ಕಾಡಂಚಿನವನ ನಷ್ಟವನ್ನು ಅಂದೇ ತುಂಬಿಕೊಟ್ಟರೆ ವಿಷದ ಬಾಟಲಿಗೆ ಕೈ ಹೋಗುವುದು ಕಡಿಮೆಯಾಗುತ್ತದೆ. ಇವನ್ನು ಮಾಡಿದರೆ ಸಾಕು, ಮಿಕ್ಕದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಓದಿದವರಲ್ಲಿ ಒಂದು ಕೇಳಿಕೆ. ನಿಮ್ಮ ಪಂಚಾಯಿತಿಯ ಮುಂದಿನ ಗ್ರಾಮಸಭೆಯಲ್ಲಿ ಮೂರು ಪ್ರಶ್ನೆ ಬರೆದುಕೊಡಿ, ಬಾಯಿಮಾತಿನಲ್ಲಿ ಬೇಡ. ನಮ್ಮೂರಿನ ಗೋಮಾಳದ ಸರ್ವೆ ನಂಬರ್ ಯಾವುದು, ಈಗ ಎಷ್ಟು ಎಕರೆ ಉಳಿದಿದೆ? ಕೊಂಡವಾಡ ಎಲ್ಲಿದೆ, ಅದರ ಬೀಗದ ಕೈ ಯಾರ ಹತ್ತಿರ ಇದೆ? ಕಳೆದ ಕಾಲುಬಾಯಿ ಲಸಿಕೆ ಸುತ್ತಿನಲ್ಲಿ ಎಷ್ಟು ಮನೆ ತಪ್ಪಿತು? ಬಂದ ಉತ್ತರದ ಫೋಟೋ ತೆಗೆದು ನಮಗೆ ಕಳಿಸಿ. ಗೌಳಿವಾಡದವರು, ಜೊಯಿಡಾದ ಒಳಹಳ್ಳಿಯವರು ನೆಟ್‌ವರ್ಕ್ ಸಿಕ್ಕಾಗ ಕಳಿಸಿದರೂ ಸಾಕು, ಊರಿನ ಹೆಸರಿನೊಂದಿಗೆ ಇಲ್ಲೇ ಹಾಕುತ್ತೇವೆ.